ಟೆಕ್ಸಸ್‌ನಲ್ಲಿ ಮನೆ ತೆರಿಗೆ ಮತ್ತು ಸ್ಕೂಲ್ ಬೋರ್ಡ್: ಬಿಲ್ ಓದುವುದರಿಂದ ಮೈಕ್ ಮುಂದೆ ಮಾತಾಡುವವರೆಗೆ

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ಮನೆ ಕೊಂಡಿರುವ ಕನ್ನಡದವರು ಏಪ್ರಿಲ್ ಕೊನೆಗೆ ಎಲ್ಲೇ ಸೇರಲಿ, ಮಾತು ಒಂದೇ: "ನಿಮ್ಮ ಮನೆಗೆ ಎಷ್ಟು ಹಾಕಿದಾರೆ? ಪ್ರೊಟೆಸ್ಟ್ ಮಾಡಿದ್ರಾ?" ಪ್ರೊಟೆಸ್ಟ್, ಅಂದರೆ ತೆರಿಗೆಗೆ ಅಂತ ಹಾಕಿದ ಮನೆ ಬೆಲೆಗೆ ತಕರಾರು, ಮಾಡಬೇಕಾದ್ದೇ. ಆದರೆ ತೆರಿಗೆ ಅನ್ನೋದು ಎರಡು ಸಂಖ್ಯೆಗಳ ಗುಣಾಕಾರ. ಒಂದು ಮನೆಯ ಬೆಲೆ, ಇನ್ನೊಂದು ರೇಟು. ಬೆಲೆ ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ. ರೇಟು ಎಷ್ಟು, ಬಂದ ದುಡ್ಡು ಎಲ್ಲಿಗೆ ಅನ್ನುವುದು ತೀರ್ಮಾನವಾಗುವ ಸ್ಕೂಲ್ ಬೋರ್ಡ್ ಸಭೆಗೆ ಮಾತ್ರ ಯಾರೂ ಹೋಗುವುದಿಲ್ಲ. ಈ ಬರಹ ಎರಡಕ್ಕೂ ದಾರಿ ತೋರಿಸುತ್ತದೆ, ಎರಡನೆಯದಕ್ಕೆ ಸ್ವಲ್ಪ ಜಾಸ್ತಿ.

ಮೊದಲು ಹಿನ್ನೆಲೆ. ಬೆಂಗಳೂರಲ್ಲಿ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಸೆಸ್ಸು, ಭಿಕ್ಷುಕರ ಸೆಸ್ಸು ಕಟ್ಟಿ ನಮಗೆ ಅಭ್ಯಾಸ. ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ಬರುವುದು ಅದರಿಂದ ಅಲ್ಲ, ರಾಜ್ಯ ಸರ್ಕಾರದ ಬೊಕ್ಕಸದಿಂದ. ಟೆಕ್ಸಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ. ಸ್ಕೂಲು ನಡೆಯುವುದರಲ್ಲಿ ದೊಡ್ಡ ಪಾಲು ನಮ್ಮ ನಮ್ಮ ಮನೆಗಳ ಮೇಲಿನ ತೆರಿಗೆಯದ್ದು. ಆ ತೆರಿಗೆ ಹಾಕುವುದು ಸಿಟಿಯಲ್ಲ. ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಐಎಸ್‌ಡಿ, ಅನ್ನುವ ಬೇರೆಯೇ ಸಂಸ್ಥೆ. ಅದಕ್ಕೆ ಅದರದ್ದೇ ಗಡಿ, ಅದರದ್ದೇ ಬೋರ್ಡು, ಅದರದ್ದೇ ರೇಟು. ವಿಳಾಸದಲ್ಲಿ ಫ್ರಿಸ್ಕೋ ಅಂತ ಇದ್ದ ಮಾತ್ರಕ್ಕೆ ನೀವು ಫ್ರಿಸ್ಕೋ ಐಎಸ್‌ಡಿಯಲ್ಲೇ ಇದ್ದೀರಿ ಅಂತಲ್ಲ. ಆ ಊರಿನ ಕೆಲವು ಭಾಗ ಪ್ರಾಸ್ಪರ್‌ಗೆ, ಕೆಲವು ಲೂಯಿಸ್‌ವಿಲ್‌ಗೆ, ಕೆಲವು ಲಿಟಲ್ ಎಲ್ಮ್‌ಗೆ ಸೇರಿವೆ. ಮನೆ ನೋಡುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ಹಂತ 1: ಬಿಲ್ಲಿನಲ್ಲಿ ಸ್ಕೂಲಿನ ಸಾಲನ್ನು ಹುಡುಕಿ

ಬಿಲ್ಲು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಬರುತ್ತದೆ. ಕಟ್ಟಲು ಕೊನೆಯ ದಿನ ಜನವರಿ 31. ಫೆಬ್ರವರಿ ಹುಟ್ಟಿದರೆ ದಂಡ, ಬಡ್ಡಿ ಸೇರಿ ನೇರ ಶೇ. 7 ಜಾಸ್ತಿ. ಸಾಲದ ಕಂಪನಿ ಎಸ್ಕ್ರೋದಿಂದ (ತಿಂಗಳ ಕಂತಿನ ಜೊತೆ ತೆರಿಗೆಗೆ ಅಂತ ಕೂಡಿಡುವ ಖಾತೆ) ಕಟ್ಟುತ್ತದೆ ಅಂತ ಬಿಲ್ಲು ನೋಡದೇ ಇರಬೇಡಿ. ಅವರು ಕಟ್ಟಿದ್ದಾರಾ ಅಂತ ಜನವರಿಯಲ್ಲಿ ಕೌಂಟಿ ಟ್ಯಾಕ್ಸ್ ಆಫೀಸಿನ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಬಿಡಿ.

ಬಿಲ್ಲಿನಲ್ಲಿ ಕೌಂಟಿ, ಸಿಟಿ, ಕಮ್ಯುನಿಟಿ ಕಾಲೇಜು, ಐಎಸ್‌ಡಿ ಹೀಗೆ ಬೇರೆ ಬೇರೆ ಸಾಲು ಇರುತ್ತವೆ. ಹೊಸ ಬಡಾವಣೆಯಾದರೆ ನೀರು, ಚರಂಡಿಗೆ ಅಂತ ಮಡ್ ತೆರಿಗೆಯೂ ಇರಬಹುದು. ಇವುಗಳಲ್ಲಿ ಐಎಸ್‌ಡಿ ಸಾಲೇ ಸಾಮಾನ್ಯವಾಗಿ ದೊಡ್ಡದು. ಎಷ್ಟೋ ಕಡೆ ಒಟ್ಟು ಬಿಲ್ಲಿನ ಅರ್ಧದ ಆಸುಪಾಸು.

ಆ ಒಂದು ಸಾಲಿನೊಳಗೆ ಎರಡು ರೇಟು ಸೇರಿಕೊಂಡಿವೆ. ಒಂದು 'ಎಂ ಆ್ಯಂಡ್ ಓ': ಸಂಬಳ, ಕರೆಂಟು, ಬಸ್ಸು, ಪುಸ್ತಕ, ದಿನನಿತ್ಯದ ಖರ್ಚು. ಇನ್ನೊಂದು 'ಐ ಆ್ಯಂಡ್ ಎಸ್': ಕಟ್ಟಡಕ್ಕೆ ಅಂತ ಮಾಡಿದ ಬಾಂಡ್ ಸಾಲದ ಅಸಲು, ಬಡ್ಡಿ. ಇವೆರಡರ ಹುಂಡಿ ಬೇರೆ ಬೇರೆ. ಸಾಲದ ಹುಂಡಿಯಿಂದ ತೆಗೆದು ಟೀಚರ್ ಸಂಬಳ ಕೊಡುವ ಹಾಗಿಲ್ಲ. ಇದೊಂದು ಗೊತ್ತಿದ್ದರೆ ಬೋರ್ಡ್ ಸಭೆಯ ಅರ್ಧ ಜಗಳ ಅರ್ಥವಾಗುತ್ತದೆ.

ಫ್ರಿಸ್ಕೋದಲ್ಲಿ ಇದನ್ನು ಜನ ಕಣ್ಣಾರೆ ನೋಡಿದ್ದಾರೆ. 2016ರಲ್ಲಿ ದಿನನಿತ್ಯದ ಖರ್ಚಿನ ರೇಟನ್ನು ಪ್ರತಿ 100 ಡಾಲರ್ ಬೆಲೆಗೆ 13 ಸೆಂಟ್ ಏರಿಸಲು ಬೋರ್ಡ್ ಮತಕ್ಕೆ ಹಾಕಿತು. ಮತದಾರರು ಬೇಡ ಅಂದರು. ಬಾಂಡ್ ದುಡ್ಡಲ್ಲಿ ಹೊಸ ಶಾಲೆ ಕಟ್ಟುವುದಕ್ಕೆ ಅಡ್ಡಿ ಇರಲಿಲ್ಲ, ನಡೆಸಲು ದುಡ್ಡಿರಲಿಲ್ಲ. ನಾಲ್ಕು ಹೊಸ ಶಾಲೆಗಳು ತೆರೆಯುವುದನ್ನೇ ಮುಂದೂಡಿದರು. 2018ರಲ್ಲಿ ಮತ್ತೆ ಮತಕ್ಕೆ ಹೋದಾಗ, ಒಂದು ರೇಟು ಏರಿಸಿ ಇನ್ನೊಂದನ್ನು ಅದಕ್ಕೆ ತಕ್ಕ ಹಾಗೆ ಇಳಿಸುತ್ತೇವೆ ಅಂದರು. ಆಗ ಗೆದ್ದಿತು.

ಹಂತ 2: ಹೋಮ್‌ಸ್ಟೆಡ್ ಅರ್ಜಿ ಹಾಕಿದ್ದೀರಾ ನೋಡಿ

ನೀವೇ ವಾಸವಿರುವ ಮನೆಗೆ ಐಎಸ್‌ಡಿ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಇದೆ, ಅದೇ ಹೋಮ್‌ಸ್ಟೆಡ್: ಮನೆಯ ಬೆಲೆಯಲ್ಲಿ ಇಷ್ಟು ಅಂತ ಕಳೆದು ಮಿಕ್ಕಿದ್ದಕ್ಕೆ ತೆರಿಗೆ. 2023ರಲ್ಲಿ ಅದು 40 ಸಾವಿರದಿಂದ 1 ಲಕ್ಷ ಡಾಲರ್‌ಗೆ ಏರಿತು. 2025ರ ನವೆಂಬರ್ ಮತದಾನದ ನಂತರ 1.40 ಲಕ್ಷ ಆಗಿದೆ. ಲೆಕ್ಕ ಹೀಗೆ: ಮನೆಯ ಬೆಲೆ 5 ಲಕ್ಷ ಅಂದುಕೊಳ್ಳಿ. ರಿಯಾಯಿತಿ ಕಳೆದರೆ 3.60 ಲಕ್ಷ. ರೇಟು ಪ್ರತಿ 100 ಡಾಲರ್‌ಗೆ 1.10 ಇದ್ದರೆ ಸ್ಕೂಲ್ ತೆರಿಗೆ 3,960 ಡಾಲರ್. ಅರ್ಜಿ ಹಾಕದೇ ಇದ್ದರೆ 5,500. ವರ್ಷಕ್ಕೆ 1,540 ಡಾಲರ್ ಸುಮ್ನೆ ಹೋಗುತ್ತದೆ.

ಮನೆಗೆ ಹೋದ ಕೂಡಲೇ ಕೌಂಟಿ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ, ಅಂದರೆ ತೆರಿಗೆಗೆ ಮನೆಗಳ ಬೆಲೆ ಕಟ್ಟುವ ಕಚೇರಿಗೆ, ಅರ್ಜಿ ಹಾಕಿ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹೊಸ ಮನೆಯ ವಿಳಾಸ ಇರಬೇಕು. ಎಷ್ಟೋ ಅರ್ಜಿಗಳು ನಿಲ್ಲುವುದು ಇಲ್ಲೇ. ಅರ್ಜಿಗೆ ಫೀಸಿಲ್ಲ. "ಇಷ್ಟು ಡಾಲರ್ ಕಳಿಸಿ, ಹೋಮ್‌ಸ್ಟೆಡ್ ಮಾಡಿಕೊಡುತ್ತೇವೆ" ಅಂತ ಸರ್ಕಾರಿ ಪತ್ರದ ಹಾಗೆ ಕಾಣುವ ಕಾಗದ ಬರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕಿ. ಆದರೆ ಅಪ್ರೈಸಲ್ ಡಿಸ್ಟ್ರಿಕ್ಟ್‌ನಿಂದಲೇ "ನೀವು ಇನ್ನೂ ಅಲ್ಲೇ ಇದ್ದೀರಾ?" ಅಂತ ಕೇಳಿ ಬರುವ ಪತ್ರವನ್ನು ಎಸೆಯಬೇಡಿ. ಐದು ವರ್ಷಕ್ಕೊಮ್ಮೆಯಾದರೂ ಅವರು ಪರಿಶೀಲಿಸಬೇಕು ಅಂತ 2023ರಿಂದ ಕಾನೂನಿದೆ. ಉತ್ತರ ಕೊಡದಿದ್ದರೆ ರಿಯಾಯಿತಿ ತೆಗೆದುಹಾಕಬಹುದು.

ವೀಸಾದಲ್ಲಿರುವವರಿಗೂ ಇದು ಸಿಗುತ್ತದೆ. ಇಲ್ಲಿ ಕೇಳುವುದು ಮಾಲೀಕತ್ವ ಮತ್ತು ವಾಸ, ಪೌರತ್ವ ಅಲ್ಲ. 65 ದಾಟಿದ ಮಾಲೀಕರಿಗೆ ಇನ್ನೂ 60 ಸಾವಿರ ಕಳೆಯುತ್ತಾರೆ, ಅವರ ಸ್ಕೂಲ್ ತೆರಿಗೆಗೆ ಮೇಲ್ಮಿತಿಯೂ ಬೀಳುತ್ತದೆ. ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇದ್ದರೆ ಇದು ಸಿಗುತ್ತಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಮನೆ ಅವರ ಹೆಸರಲ್ಲಿ ಇರಬೇಕು, ಅದೇ ಅವರ ಕಾಯಂ ಮನೆಯಾಗಿರಬೇಕು.

ಹೊಸದಾಗಿ ಕಟ್ಟಿದ ಮನೆ ಕೊಂಡವರಿಗೆ ಒಂದು ಮಾತು. ಜನವರಿ 1ಕ್ಕೆ ಸೈಟಿನಲ್ಲಿ ಏನಿತ್ತೋ ಅದಕ್ಕೆ ಆ ವರ್ಷದ ತೆರಿಗೆ. ಖಾಲಿ ಜಾಗ ಇದ್ದರೆ ಮೊದಲ ವರ್ಷದ ಬಿಲ್ಲು ತೀರಾ ಸಣ್ಣದು. ಮರುವರ್ಷ ಪೂರ್ತಿ ಮನೆಗೆ ಬರುತ್ತದೆ, ಎಸ್ಕ್ರೋದಲ್ಲಿ ಸಾವಿರಾರು ಡಾಲರ್ ಕೊರತೆ, ತಿಂಗಳ ಕಂತು ಇದ್ದಕ್ಕಿದ್ದ ಹಾಗೆ ಮೇಲೆ. ಮೊದಲ ವರ್ಷವೇ ಪೂರ್ತಿ ತೆರಿಗೆಯ ಅಂದಾಜು ಹಾಕಿ ಆ ದುಡ್ಡು ಬೇರೆ ಇಟ್ಟುಕೊಳ್ಳಿ.

ಹಂತ 3: ಬೆಲೆಯ ಮೇಲೆ ಪ್ರೊಟೆಸ್ಟ್

ಕೊನೆಯ ದಿನ ಮೇ 15, ಅಥವಾ ಅಪ್ರೈಸಲ್ ಡಿಸ್ಟ್ರಿಕ್ಟ್ ಬೆಲೆಯ ನೋಟಿಸ್ ಕಳಿಸಿದ ದಿನದಿಂದ 30 ದಿನ. ಎರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅದು. ಆನ್‌ಲೈನ್‌ನಲ್ಲಿ ಹಾಕಬಹುದು, ದುಡ್ಡಿಲ್ಲ. ಅರ್ಜಿಯಲ್ಲಿ ಎರಡು ಕಾರಣಕ್ಕೂ ಟಿಕ್ ಹಾಕಿ: ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಹಾಕಿದ್ದಾರೆ ಅನ್ನುವುದು, ಅಕ್ಕಪಕ್ಕದ ಅಂಥದ್ದೇ ಮನೆಗಳಿಗಿಂತ ಜಾಸ್ತಿ ಹಾಕಿದ್ದಾರೆ ಅನ್ನುವುದು. ಎರಡನೆಯದು ಎಷ್ಟೋ ಸಲ ಸುಲಭ, ಏಕೆಂದರೆ ಬೀದಿಯ ಎಲ್ಲ ಮನೆಗಳ ಅಪ್ರೈಸಲ್ ಬೆಲೆ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಮಾರಾಟದ ಬೆಲೆ ಹಾಗೆ ಸಿಗುವುದಿಲ್ಲ. ಟೆಕ್ಸಸ್‌ನಲ್ಲಿ ಅದನ್ನು ಬಹಿರಂಗ ಮಾಡಬೇಕಾಗಿಲ್ಲ. ಅದಕ್ಕೆ ಪರಿಚಯದ ರಿಯಲ್ಟರ್ ಬೇಕು.

ಜೊತೆಗೆ, ನಿಮ್ಮ ಮನೆಗೆ ಆ ಬೆಲೆ ಹೇಗೆ ಬಂತು ಅಂತ ಅವರ ಪುರಾವೆಯನ್ನೇ ಕೇಳಿ. ಕೇಳಿದರೆ ವಿಚಾರಣೆಗೆ 14 ದಿನ ಮುಂಚೆ ಕೊಡಬೇಕು. ಡಲ್ಲಾಸ್ ಕಡೆಯ ಕಪ್ಪು ಜೇಡಿ ಮಣ್ಣಿನಲ್ಲಿ ಪಾಯ ಬಿರುಕು ಬಿಡುವುದು ಮಾಮೂಲು. ಬಿರುಕಿನ ಫೋಟೋ ಒಂದೇ ಸಾಲದು, ರಿಪೇರಿಗೆ ಎಷ್ಟಾಗುತ್ತದೆ ಅಂತ ಬರೆದುಕೊಟ್ಟ ಚೀಟಿಯನ್ನೂ ಇಡಿ. ಮೊದಲು ಅಪ್ರೈಸರ್ ಜೊತೆ ಮಾತುಕತೆ, ಅಲ್ಲಿ ಒಪ್ಪಿಗೆಯಾಗದಿದ್ದರೆ ಬೆಲೆಯ ತಕರಾರು ಕೇಳುವ ರಿವ್ಯೂ ಬೋರ್ಡ್ ಮುಂದೆ.

ಒಂದು ಸೂಕ್ಷ್ಮ ಇದೆ. ಹೋಮ್‌ಸ್ಟೆಡ್ ಸಿಕ್ಕಿದ ಮರುವರ್ಷದಿಂದ ತೆರಿಗೆಯ ಬೆಲೆ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ನೋಟಿಸ್‌ನಲ್ಲಿ ಮಾರುಕಟ್ಟೆ ಬೆಲೆ 5.20 ಲಕ್ಷ, ಮಿತಿ ಹಾಕಿದ ಬೆಲೆ 4.50 ಲಕ್ಷ ಅಂತಿದ್ದರೆ, ನೀವು ಹೋರಾಡಿ ಮಾರುಕಟ್ಟೆ ಬೆಲೆಯನ್ನು 4.90ಕ್ಕೆ ಇಳಿಸಿದರೂ ಈ ವರ್ಷ ಒಂದು ಡಾಲರೂ ಉಳಿಯುವುದಿಲ್ಲ. ಎರಡೂ ಸಂಖ್ಯೆ ನೋಡಿ ಆಮೇಲೆ ರಜೆ ಹಾಕಿ.

ಹಂತ 4: ದುಡ್ಡು ಹೇಗೆ ಹಂಚಿಕೆಯಾಗುತ್ತದೆ ಅಂತ ತಿಳಿದುಕೊಳ್ಳಿ

"ನಮ್ಮ ಮನೆ ಬೆಲೆ ಇಷ್ಟು ಏರಿದೆ, ಸ್ಕೂಲಿಗೆ ದುಡ್ಡಿಲ್ಲ ಅಂತಾರಲ್ಲ, ಅದೆಲ್ಲಿ ಹೋಯ್ತು?" ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ರಾಜ್ಯದ ಸೂತ್ರದಲ್ಲಿದೆ. ಒಬ್ಬ ವಿದ್ಯಾರ್ಥಿಗೆ ಇಷ್ಟು ಅಂತ ರಾಜ್ಯ ಮೂಲ ಮೊತ್ತ ನಿಗದಿ ಮಾಡುತ್ತದೆ. 2019ರಿಂದ ಅದು 6,160 ಡಾಲರ್ ಇತ್ತು. 2025ರಲ್ಲಿ 55 ಡಾಲರ್ ಏರಿ 6,215 ಆಯಿತು. ಬೇರೆ ಬೇರೆ ಅಗತ್ಯಗಳಿರುವ ಮಕ್ಕಳಿಗೆ ಅದರ ಮೇಲೆ ಒಂದಿಷ್ಟು. ಹೀಗೆ ಡಿಸ್ಟ್ರಿಕ್ಟ್‌ಗೆ ಬರಬೇಕಾದ ಒಟ್ಟು ಮೊತ್ತ ನಿಶ್ಚಯವಾದ ಮೇಲೆ, ಮೊದಲು ಸ್ಥಳೀಯ ತೆರಿಗೆ ತುಂಬಿಸಿ, ಕಮ್ಮಿ ಬಿದ್ದದ್ದನ್ನು ರಾಜ್ಯ ಕೊಡುತ್ತದೆ. ಮನೆ ಬೆಲೆ ಏರಿದರೆ ಸ್ಥಳೀಯ ಪಾಲು ಜಾಸ್ತಿ, ರಾಜ್ಯದ ಪಾಲು ಕಮ್ಮಿ. ಒಟ್ಟು ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಪ್ರೊಟೆಸ್ಟ್ ಗೆದ್ದರೆ ಮಕ್ಕಳ ಸ್ಕೂಲಿಗೆ ಅನ್ಯಾಯ ಅಂತ ಕೊರಗುವುದೂ ಬೇಡ.

ಸ್ಥಳೀಯ ತೆರಿಗೆಯೇ ಆ ಮೊತ್ತವನ್ನು ಮೀರಿದರೆ? ಮಿಕ್ಕಿದ್ದು ರಾಜ್ಯಕ್ಕೆ ಹೋಗುತ್ತದೆ. ಇದಕ್ಕೆ ರೀಕ್ಯಾಪ್ಚರ್ ಅನ್ನುತ್ತಾರೆ, ಆಡುಮಾತಲ್ಲಿ ರಾಬಿನ್ ಹುಡ್. ಸ್ಯಾನ್ ಆಂಟೋನಿಯೋದ ಬಡ ಡಿಸ್ಟ್ರಿಕ್ಟ್ ಎಜ್‌ವುಡ್ ಹೂಡಿದ ಕೇಸಿನಲ್ಲಿ 1989ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಹಳೆಯ ವ್ಯವಸ್ಥೆ ಸರಿಯಿಲ್ಲ ಅಂದಿತು. 1993ರಲ್ಲಿ ಈ ಕಾನೂನು ಬಂತು. ಆಸ್ಟಿನ್ ಐಎಸ್‌ಡಿ ಹೀಗೆ ಅತಿ ಹೆಚ್ಚು ಕೊಡುವ ಡಿಸ್ಟ್ರಿಕ್ಟ್ ಅಂತ ಹೆಸರಾಗಿದೆ. ಉದ್ದೇಶ ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ. ಆದರೆ ಆಸ್ಟಿನ್‌ನಲ್ಲೂ ಬಡವರ ಮಕ್ಕಳು ಬೇಕಾದಷ್ಟಿದ್ದಾರೆ ಅನ್ನುವುದೂ ನಿಜ.

ಇನ್ನೊಂದು ಸಂಗತಿ ನಮ್ಮ ಮನೆಗಳಿಗೇ ನಾಟುವಂಥದ್ದು. ರಾಜ್ಯ ಲೆಕ್ಕ ಹಾಕುವುದು ಸೇರಿದ ಮಕ್ಕಳನ್ನಲ್ಲ, ಹಾಜರಿದ್ದ ಮಕ್ಕಳನ್ನು. ಡಿಸೆಂಬರ್ ರಜೆಗೆ ಮುಂಚೆ ಒಂದು ವಾರ, ಆಮೇಲೆ ಎರಡು ವಾರ ಸೇರಿಸಿ ಊರಿಗೆ ಹೋಗುವುದು ನಮ್ಮಲ್ಲಿ ಮಾಮೂಲು ಅಲ್ವಾ? ಮಗುವಿನ ಆ ಗೈರುಹಾಜರಿ ಡಿಸ್ಟ್ರಿಕ್ಟ್‌ನ ಸರಾಸರಿಯಿಂದ, ಅಲ್ಲಿಂದ ಬಜೆಟ್‌ನಿಂದ ಕಳೆಯುತ್ತದೆ. ಸ್ಕೂಲಿನ ಖರ್ಚು ಮಾತ್ರ ಆ ದಿನಗಳಲ್ಲಿ ಕಡಿಮೆ ಆಗುವುದಿಲ್ಲ. ಹೋಗಬೇಡಿ ಅಂತ ಹೇಳುತ್ತಿಲ್ಲ. ಟಿಕೆಟ್ ಬುಕ್ ಮಾಡುವಾಗ ಇದೂ ಲೆಕ್ಕದಲ್ಲಿರಲಿ.

ಮಕ್ಕಳ ಸಂಖ್ಯೆಯೇ ಇಳಿದರೆ ಶಾಲೆ ಮುಚ್ಚುತ್ತಾರೆ. ಪ್ಲೇನೋ ಐಎಸ್‌ಡಿ 2024ರಲ್ಲಿ ನಾಲ್ಕು ಶಾಲೆ ಮುಚ್ಚಲು ತೀರ್ಮಾನಿಸಿತು. ಇಂಥ ಸುದ್ದಿ ಒಂದೇ ರಾತ್ರಿ ಬೀಳುವುದಿಲ್ಲ. ದಾಖಲಾತಿ ಅಂದಾಜು, ಕಟ್ಟಡಗಳ ವರದಿ, ಸಮಿತಿ ಸಭೆ ಅಂತ ತಿಂಗಳುಗಟ್ಟಲೆ ಮೊದಲೇ ಕಾಗದದ ಮೇಲೆ ಕಾಣುತ್ತಿರುತ್ತದೆ.

ಹಂತ 5: ಬಜೆಟ್ ಪುಸ್ತಕ ಓದುವುದು

ಐಎಸ್‌ಡಿಗಳ ಹಣಕಾಸು ವರ್ಷ ಜುಲೈ 1ಕ್ಕೆ ಅಥವಾ ಸೆಪ್ಟೆಂಬರ್ 1ಕ್ಕೆ ಶುರು. ನಿಮ್ಮದು ಯಾವುದು ನೋಡಿ. ಜುಲೈನವರು ಜೂನ್ ಮುಗಿಯುವುದರೊಳಗೆ ಬಜೆಟ್ ಪಾಸ್ ಮಾಡುತ್ತಾರೆ, ಅಪ್ರೈಸಲ್ ಅಂತಿಮವಾಗುವ ಮುಂಚೆಯೇ, ಅಂದಾಜಿನ ಮೇಲೆ. ರೇಟು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ತೀರ್ಮಾನ. ನಿಜವಾದ ಚರ್ಚೆ ನಡೆಯುವುದು ಫೆಬ್ರವರಿಯಿಂದ ಮೇ ತನಕದ ಬಜೆಟ್ ವರ್ಕ್‌ಶಾಪ್‌ಗಳಲ್ಲಿ. ಜೂನ್‌ನ ಸಾರ್ವಜನಿಕ ಸಭೆಗೆ ಹೋಗಿ "ಲೈಬ್ರೇರಿಯನ್ ಹುದ್ದೆ ಉಳಿಸಿ" ಅಂದರೆ ತಡವಾಯಿತು ಅಂತಲೇ ಅರ್ಥ. ಸಂಬಳದ ಪಟ್ಟಿ, ತರಗತಿಗೆ ಎಷ್ಟು ಮಕ್ಕಳು ಅನ್ನುವುದೆಲ್ಲ ಆ ಹೊತ್ತಿಗೆ ಕುದುರಿರುತ್ತದೆ.

ಪುಸ್ತಕ ನೂರಾರು ಪುಟ ಇರಬಹುದು. ಎಲ್ಲ ಓದಬೇಡಿ. ಬೋರ್ಡ್ ಕಡ್ಡಾಯವಾಗಿ ಪಾಸ್ ಮಾಡಬೇಕಾದ್ದು ಮೂರು ನಿಧಿ: ಜನರಲ್ ಫಂಡ್, ಮಕ್ಕಳ ಊಟದ ಫಂಡ್, ಸಾಲ ತೀರಿಸುವ ಫಂಡ್. ಜನರಲ್ ಫಂಡ್ ಪುಟಕ್ಕೆ ಹೋಗಿ. ಅಲ್ಲಿ ಖರ್ಚಿಗೆಲ್ಲ ಕೋಡ್ ಇರುತ್ತದೆ, ರಾಜ್ಯದ ಎಲ್ಲ ಕಡೆ ಒಂದೇ. 11 ಅಂದರೆ ಪಾಠ, 12 ಲೈಬ್ರರಿ, 31 ಕೌನ್ಸೆಲಿಂಗ್, 34 ಬಸ್ಸು, 36 ಆಟ ಮತ್ತು ಬ್ಯಾಂಡ್, 41 ಹೆಡ್ ಆಫೀಸ್ ಆಡಳಿತ, 51 ಕಟ್ಟಡ ನಿರ್ವಹಣೆ, 52 ಭದ್ರತೆ. 91 ರೀಕ್ಯಾಪ್ಚರ್, ರಾಜ್ಯಕ್ಕೆ ಹೋಗುವ ದುಡ್ಡು. ಇದಲ್ಲದೆ 6100 ಅಂದರೆ ಸಂಬಳ, 6200 ಹೊರಗಿನವರಿಗೆ ಕೊಟ್ಟ ಗುತ್ತಿಗೆ, 6300 ಸಾಮಾನು.

ಈಗ ಕಳೆದ ವರ್ಷದ್ದು, ಈ ವರ್ಷದ್ದು ಪಕ್ಕಪಕ್ಕ ಇಟ್ಟು, ಪ್ರತಿ ಕೋಡನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ. ಒಂದು ಸ್ಪ್ರೆಡ್‌ಶೀಟ್ ಸಾಕು, ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 41 ಜಾಸ್ತಿಯಾಗಿ 11 ಕಡಿಮೆಯಾಗಿದ್ದರೆ ನಿಮ್ಮ ಪ್ರಶ್ನೆ ಸಿಕ್ಕಿತು. ಖರ್ಚಿನಲ್ಲಿ ಬಹುಪಾಲು ಸಂಬಳವೇ. ಆದ್ದರಿಂದ "ದುಂದು ನಿಲ್ಲಿಸಿ" ಅನ್ನುವ ಮಾತು ಸಾಮಾನ್ಯವಾಗಿ ಕೊನೆಗೆ ಯಾರದೋ ಕೆಲಸ ತೆಗೆಯುವ ಮಾತೇ ಆಗುತ್ತದೆ. ಕಡೆಗೆ ಫಂಡ್ ಬ್ಯಾಲೆನ್ಸ್ ನೋಡಿ. ಮೂರು ತಿಂಗಳ ಖರ್ಚಿನಷ್ಟು ಕೂಡಿಟ್ಟಿರುವುದು ಒಳ್ಳೆಯ ಲಕ್ಷಣ. ಅದನ್ನು ಪ್ರತಿ ವರ್ಷ ಕರಗಿಸಿ ಸಂಬಳ ಕೊಡುತ್ತಿದ್ದರೆ ಒಳ್ಳೆಯದಲ್ಲ.

ಅನುಮಾನ ಉಳಿದರೆ ಪಬ್ಲಿಕ್ ಇನ್ಫರ್ಮೇಷನ್ ಆ್ಯಕ್ಟ್ ಅಡಿ ಕೇಳಿ. ನಮ್ಮ ಆರ್‌ಟಿಐ ಇದ್ದ ಹಾಗೆ. ಈಮೇಲ್ ಸಾಕು, ಕಾರಣ ಹೇಳಬೇಕಿಲ್ಲ. "ಎಲ್ಲ ಖರ್ಚಿನ ವಿವರ ಕೊಡಿ" ಅನ್ನಬೇಡಿ. "ಕಳೆದ ವರ್ಷ ಇಂಥ ಗುತ್ತಿಗೆದಾರರಿಗೆ ಆದ ಪಾವತಿಗಳು" ಅಂತ ಸಣ್ಣದಾಗಿ ಕೇಳಿ. ಖರ್ಚು 40 ಡಾಲರ್ ಮೀರುವುದಾದರೆ ಮೊದಲೇ ಅಂದಾಜು ಕೊಡಬೇಕು.

ಹಂತ 6: ಸಭೆಗೆ ಹೋಗಿ, ಮಾತಾಡಿ

ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಏಳು ಟ್ರಸ್ಟಿಗಳು. ಡಲ್ಲಾಸ್‌ನಂಥ ದೊಡ್ಡ ಕಡೆ ಒಂಬತ್ತು. ಸಂಬಳವಿಲ್ಲ. ಹ್ಯೂಸ್ಟನ್ ಐಎಸ್‌ಡಿಯದ್ದು ಬೇರೆ ಕಥೆ: 2023ರಲ್ಲಿ ರಾಜ್ಯ ಅದನ್ನು ವಶಕ್ಕೆ ತೆಗೆದುಕೊಂಡು ತಾನೇ ಮ್ಯಾನೇಜರ್‌ಗಳನ್ನು ನೇಮಿಸಿತು. ಕೇಟಿ, ಫೋರ್ಟ್ ಬೆಂಡ್ ಕಡೆ ಇರುವವರಿಗೆ ಇದು ತಾಗುವುದಿಲ್ಲ. ದಿನನಿತ್ಯದ ಆಡಳಿತ ನಡೆಸುವ ಸೂಪರಿಂಟೆಂಡೆಂಟ್, ಬೋರ್ಡ್ ನೇಮಿಸಿದ ಉದ್ಯೋಗಿ. ಸ್ಕೂಲ್ ಬಸ್ ತಡವಾದರೆ ಟ್ರಸ್ಟಿಗೆ ಬರೆಯಬೇಡಿ, ಬಸ್ ವಿಭಾಗಕ್ಕೆ ಬರೆಯಿರಿ. ಬಸ್ಸುಗಳನ್ನೇ ಕಡಿಮೆ ಮಾಡುವ ಯೋಚನೆಯಿದ್ದರೆ ಟ್ರಸ್ಟಿಗೆ ಬರೆಯಿರಿ.

2025ರ ಸೆಪ್ಟೆಂಬರ್‌ನಿಂದ ಸಭೆಯ ಅಜೆಂಡಾವನ್ನು ಮೂರು ಕೆಲಸದ ದಿನ ಮುಂಚೆ ಹಾಕಬೇಕು. ಮೊದಲು 'ಕನ್ಸೆಂಟ್ ಅಜೆಂಡಾ' ತೆರೆಯಿರಿ. ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಪಾಸಾಗುವ ಗಂಟು ಅದು. ಹೆಚ್ಚಿನವು ನಿಜಕ್ಕೂ ಸಾಮಾನ್ಯ ವಿಷಯ. ಆದರೆ ದೊಡ್ಡ ಗುತ್ತಿಗೆಗಳೂ ಎಷ್ಟೋ ಸಲ ಅದರಲ್ಲೇ ಕೂತಿರುತ್ತವೆ. ಮಧ್ಯೆ ಬಾಗಿಲು ಹಾಕಿಕೊಂಡು ಒಳಗೆ ಹೋಗುವುದು ಎಕ್ಸಿಕ್ಯುಟಿವ್ ಸೆಷನ್. ಸಿಬ್ಬಂದಿ, ವಕೀಲರ ಸಲಹೆ, ಜಮೀನು ಇಂಥ ವಿಷಯಕ್ಕೆ ಅವಕಾಶವಿದೆ. ಮತ ಹಾಕುವುದು ಮಾತ್ರ ಎಲ್ಲರ ಮುಂದೆಯೇ.

ಅಜೆಂಡಾದಲ್ಲಿರುವ ವಿಷಯದ ಮೇಲೆ ಸಾರ್ವಜನಿಕರಿಗೆ ಮಾತಾಡಲು ಬಿಡಬೇಕು ಅಂತ 2019ರಿಂದ ಕಾನೂನೇ ಇದೆ. ಹೆಸರು ಕೊಡುವ ಗಡುವು ಒಂದೊಂದು ಕಡೆ ಒಂದೊಂದು, ಅಜೆಂಡಾದ ಕೆಳಗೆ ಬರೆದಿರುತ್ತಾರೆ. ಹೆಚ್ಚಿನ ಕಡೆ ಸಿಗುವುದು ಎರಡು ಮೂರು ನಿಮಿಷ. ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಅಳುಕಬೇಡಿ. ಬರೆದುಕೊಂಡು ಹೋಗಿ ಓದಿ, ಎಲ್ಲರೂ ಓದುತ್ತಾರೆ. ಹೆಸರು, ಮಗು ಯಾವ ಸ್ಕೂಲು, ಅಜೆಂಡಾದ ಯಾವ ವಿಷಯ, ಒಂದು ಸಂಖ್ಯೆ, ಏನು ಮಾಡಬೇಕು ಅನ್ನುವ ಒಂದು ಕೋರಿಕೆ. ಅಷ್ಟು ಸಾಕು. "ಕೋಡ್ 12ರಲ್ಲಿ ಇಷ್ಟು ಕಡಿತ ಕಾಣುತ್ತಿದೆ, ನಮ್ಮ ಶಾಲೆಯ ಲೈಬ್ರೇರಿಯನ್ ಇರುತ್ತಾರಾ?" ಅನ್ನುವ ಪ್ರಶ್ನೆ ಹತ್ತು ನಿಮಿಷದ ಭಾಷಣಕ್ಕಿಂತ ಚುರುಕು. ಟೀಚರ್ ಹೆಸರು ಹೇಳಿ ದೂರಬೇಡಿ, ಅದಕ್ಕೆ ಬೇರೆ ದಾರಿ ಇದೆ. ಟ್ರಸ್ಟಿಗಳು ಸುಮ್ಮನೆ ಕೇಳಿಸಿಕೊಂಡರೆ ಅಸಡ್ಡೆ ಅಂದುಕೊಳ್ಳಬೇಡಿ. ಅಜೆಂಡಾದಲ್ಲಿ ಇಲ್ಲದ ವಿಷಯ ಎತ್ತಿದರೆ ಅವರು ಅಲ್ಲಿ ಚರ್ಚಿಸುವ ಹಾಗಿಲ್ಲ. ಮರುದಿನ ಒಂದು ಈಮೇಲ್ ಕಳಿಸಿ.

ಹಂತ 7: ಮತ ಇದ್ದವರು, ಇಲ್ಲದವರು

ಟ್ರಸ್ಟಿ ಚುನಾವಣೆ ಮೇ ಅಥವಾ ನವೆಂಬರ್‌ನಲ್ಲಿ. ಮೇ ತಿಂಗಳಲ್ಲಿ ಮತ ಹಾಕಲು ಬರುವವರು ತೀರಾ ಕಡಿಮೆ. ಒಂದು ಬಡಾವಣೆಯ ಜನ ಮನಸ್ಸು ಮಾಡಿದರೂ ಫಲಿತಾಂಶ ತಿರುಗಬಹುದು. ಮತದಾರರ ಪಟ್ಟಿಗೆ 30 ದಿನ ಮುಂಚೆ ಸೇರಿರಬೇಕು.

ಬಾಂಡ್ ಮತಪತ್ರದಲ್ಲಿ "ಇದು ಆಸ್ತಿ ತೆರಿಗೆ ಏರಿಕೆ" ಅನ್ನುವ ಸಾಲು ದೊಡ್ಡಕ್ಷರದಲ್ಲಿ ಕಂಡು ಗಾಬರಿಯಾಗಬೇಡಿ. ರೇಟು ಏರದಿದ್ದರೂ ಆ ಸಾಲು ಹಾಕಲೇಬೇಕು ಅಂತ 2019ರಲ್ಲಿ ಕಾನೂನು ಮಾಡಿದ್ದಾರೆ. ಹಾಗಂತ ಅದನ್ನು ಸುಳ್ಳು ಅಂತ ತಳ್ಳಿಹಾಕುವುದೂ ಸರಿಯಲ್ಲ. ಹೊಸ ಸಾಲ ಇಲ್ಲದಿದ್ದರೆ ರೇಟು ಇಳಿಯುತ್ತಿತ್ತು ಅನ್ನುವುದೂ ಇರಬಹುದು. ದೊಡ್ಡ ಸ್ಟೇಡಿಯಂ, ಈಜುಕೊಳ, ಲ್ಯಾಪ್‌ಟಾಪ್‌ನಂಥವನ್ನು ಬೇರೆ ಬೇರೆ ಪ್ರಶ್ನೆಯಾಗಿಯೇ ಕೇಳಬೇಕು, ಆದ್ದರಿಂದ ಒಂದಕ್ಕೆ ಹೂಂ, ಇನ್ನೊಂದಕ್ಕೆ ಉಹೂಂ ಅನ್ನಬಹುದು. ದಿನನಿತ್ಯದ ಖರ್ಚಿನ ರೇಟನ್ನು ಒಂದು ಮಿತಿಗಿಂತ ಮೇಲೆ ಏರಿಸಲು 'ವೇಟ್ರಿ' ಅನ್ನುವ ಬೇರೆ ಮತದಾನ. ಟೀಚರ್ ಸಂಬಳದ ಪ್ರಶ್ನೆ ಬರುವುದು ಇದರಲ್ಲಿ, ಬಾಂಡ್‌ನಲ್ಲಿ ಅಲ್ಲ.

ಎಚ್-1ಬಿ, ಗ್ರೀನ್ ಕಾರ್ಡ್‌ನವರಿಗೆ ಮತವಿಲ್ಲ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಮತದಾರರ ನೋಂದಣಿ ಪ್ರಶ್ನೆ ಇರುತ್ತದೆ. ಅಲ್ಲಿ 'ಇಲ್ಲ' ಅಂತಲೇ ಗುರುತು ಹಾಕಿ, ಎರಡು ಸಲ ನೋಡಿ. ತಪ್ಪಿ ನೋಂದಾಯಿಸಿಕೊಂಡರೆ ಮುಂದೆ ಇಮಿಗ್ರೇಷನ್‌ನಲ್ಲಿ ದೊಡ್ಡ ತಲೆನೋವು.

ಆದರೆ ಮತ ಬಿಟ್ಟರೆ ಮೇಲೆ ಹೇಳಿದ ಎಲ್ಲವೂ ನಿಮಗೂ ತೆರೆದಿದೆ: ಪ್ರೊಟೆಸ್ಟ್, ಮಾಹಿತಿ ಕೇಳುವುದು, ಮೈಕ್ ಮುಂದೆ ಮಾತು. ಸಮಿತಿಗಳೂ ಇವೆ. ಪ್ರತಿ ಐಎಸ್‌ಡಿಗೂ ಸ್ಕೂಲ್ ಹೆಲ್ತ್ ಅಡ್ವೈಸರಿ ಕೌನ್ಸಿಲ್ ಇರಲೇಬೇಕು, ಅದರಲ್ಲಿ ಹೆಚ್ಚಿನವರು ಡಿಸ್ಟ್ರಿಕ್ಟ್‌ನ ಉದ್ಯೋಗಿಗಳಲ್ಲದ ಪೋಷಕರೇ ಆಗಿರಬೇಕು. ಬಾಂಡ್ ತರುವ ಮುಂಚೆ ಬಹಳ ಕಡೆ ಊರವರ ಸಮಿತಿ ಮಾಡುತ್ತಾರೆ. ಯಾವ ಶಾಲೆಗೆ ಏನು ಅನ್ನುವ ಪಟ್ಟಿ ತಯಾರಾಗುವುದು ಅಲ್ಲೇ. ಅರ್ಜಿ ಕರೆದಾಗ ಡಿಸ್ಟ್ರಿಕ್ಟ್‌ನಿಂದ ಈಮೇಲ್ ಬರುತ್ತದೆ, ಮಕ್ಕಳ ಫೋಟೋ ದಿನ, ಲಂಚ್ ಮೆನು ಈಮೇಲ್‌ಗಳ ನಡುವೆ. ಆ ವಿಳಾಸದಿಂದ ಬಂದದ್ದನ್ನು ಫಿಲ್ಟರ್ ಹಾಕಿ ಬೇರೆ ಫೋಲ್ಡರ್‌ಗೆ ತಳ್ಳಿದ್ದರೆ ಮೊದಲು ಅದನ್ನು ತೆಗೆಯಿರಿ.